ರೆಪೊ ಇಳಿಯಿತು, ಎಫ್‌ಡಿ ಮುರಿದು ಷೇರಿಗೆ ಹಾಕಲೇ?

ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಮೂರು ಸಲ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಇಳಿಸಿ, ಶೇ 6.50 ಇದ್ದದ್ದನ್ನು 5.50ಕ್ಕೆ ತಂದಿತು. ಬ್ಯಾಂಕುಗಳೂ ಬೆನ್ನಿಗೇ ಎಫ್‌ಡಿ ಬಡ್ಡಿ ಕಡಿಮೆ ಮಾಡಿದವು. ಅಂದಿನಿಂದ ಮೈಸೂರು, ಮಂಡ್ಯ ಕಡೆಯ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಕುವೆಂಪುನಗರದ ನಿವೃತ್ತ ಶಿಕ್ಷಕರು ಎಫ್‌ಡಿ ಮುರಿದು ಮ್ಯೂಚುವಲ್ ಫಂಡಿಗೆ ಹಾಕಲೇ ಎನ್ನುತ್ತಾರೆ. ಪಾಂಡವಪುರದ ಬೆಳೆಗಾರರು ಕಬ್ಬಿನ ದುಡ್ಡು ಬಂದಿದೆ, ಚಿನ್ನವೋ ಷೇರೋ ಎನ್ನುತ್ತಾರೆ. ಹೆಬ್ಬಾಳದ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಿಗೆ ಚೀಟಿ ಬಿಟ್ಟು ಎಸ್‌ಐಪಿ (ಫಂಡಿಗೆ ತಿಂಗಳ ಕಂತು) ಶುರು ಮಾಡುವ ಆಸೆ, ಜೊತೆಗೆ ಮಾರುಕಟ್ಟೆ ಬಿದ್ದರೆ ಎಂಬ ಭಯ.

ರೆಪೊ ಇಳಿದ ಕಾರಣಕ್ಕೆ ಹಳೆಯ ಎಫ್‌ಡಿ ಮುರಿಯುವುದು ತಪ್ಪು. ನಿಮ್ಮ ಎಫ್‌ಡಿಯ ದರ ಅವಧಿ ಮುಗಿಯುವವರೆಗೆ ಬದಲಾಗದು. ಎರಡು ವರ್ಷದ ಹಿಂದೆ ಶೇ 7.25ಕ್ಕೆ ಇಟ್ಟ ಠೇವಣಿ ಈಗ ಮೊದಲಿಗಿಂತ ಬೆಲೆಬಾಳುವ ವಸ್ತು. ಅಂಥ ದರ ಇವತ್ತು ಅದೇ ಬ್ಯಾಂಕಿನಲ್ಲಿ ಸಿಗುವುದು ಕಷ್ಟ. ದರ ಇಳಿಕೆ ತಟ್ಟುವುದು ಅವಧಿ ಮುಗಿದು ಮತ್ತೆ ಇಡುವಾಗ. ಯೋಚನೆ ಮಾಡಬೇಕಾದದ್ದೂ ಆಗಲೇ.

ಮೊದಲು ಅಳತೆಗೋಲು

ಎಲ್ಲಿ ಇಡಬೇಕು ಎನ್ನುವ ಮುಂಚೆ ಪ್ರತಿ ಗಂಟಿಗೂ ಐದು ಪ್ರಶ್ನೆ ಹಾಕಿ. ಈ ದುಡ್ಡು ಯಾವ ವರ್ಷ, ಯಾವ ತಿಂಗಳು ಬೇಕು? ಅರ್ಧಕ್ಕರ್ಧ ಇಳಿದರೂ ಮಾರದೆ ಕೂರಬಲ್ಲೆನೇ? ಆಪತ್ತಿಗೆ ಎಷ್ಟು ದಿನದಲ್ಲಿ ಕೈಗೆ ಬರುತ್ತದೆ? ತೆರಿಗೆ, ಕಮಿಷನ್, ಮಜೂರಿ ಎಲ್ಲ ಕಳೆದು ಉಳಿಯುವುದೆಷ್ಟು? ಇಟ್ಟ ಕಡೆ ಮುಳುಗಿದರೆ ಹೊಣೆ ಯಾರು?

ಐದರಲ್ಲಿ ಮೊದಲನೆಯದರ ತೂಕವೇ ಹೆಚ್ಚು. ದುಡ್ಡು ಬೇಕಾದ ದಿನ ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಮಗಳ ಮದುವೆ ಮುಂದಿನ ವರ್ಷದ ವೈಶಾಖದಲ್ಲಿ ಇದ್ದರೆ ಆ ದುಡ್ಡಿನ ಮಟ್ಟಿಗೆ ಷೇರುಪೇಟೆಯ ಸುದ್ದಿ ಓದುವ ಅಗತ್ಯವೇ ಇಲ್ಲ.

ಎಫ್‌ಡಿ, ಅಂಚೆ ಕಚೇರಿ, ಸೊಸೈಟಿ

ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ (ಆರ್‌ಬಿಐನ ಠೇವಣಿ ವಿಮೆ ಸಂಸ್ಥೆ) ವಿಮೆ ಇದೆ. ಒಬ್ಬರಿಗೆ, ಒಂದು ಬ್ಯಾಂಕಿಗೆ, ಅಸಲು–ಬಡ್ಡಿ ಸೇರಿ 5 ಲಕ್ಷ ರೂಪಾಯಿ. 2020ರ ಫೆಬ್ರುವರಿಗೆ ಮುಂಚೆ ಇದು 1 ಲಕ್ಷವಷ್ಟೇ ಆಗಿತ್ತು. ಸರಸ್ವತಿಪುರಂ ಶಾಖೆಯಲ್ಲಿ 4 ಲಕ್ಷ, ಅದೇ ಬ್ಯಾಂಕಿನ ಮಂಡ್ಯ ಶಾಖೆಯಲ್ಲಿ 4 ಲಕ್ಷ ಇಟ್ಟರೆ ವಿಮೆ ಸಿಗುವುದು ಒಟ್ಟು 5 ಲಕ್ಷಕ್ಕೇ. ಶಾಖೆ ಬದಲಾದರೆ ಪ್ರಯೋಜನವಿಲ್ಲ, ಬ್ಯಾಂಕ್ ಬದಲಾಗಬೇಕು.

ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ನಮ್ಮೂರುಗಳಲ್ಲಿ ಬೀದಿಗೊಂದು ಸೊಸೈಟಿ ಇರುವುದರಿಂದ ಈ ವ್ಯತ್ಯಾಸ ಚೆನ್ನಾಗಿ ತಿಳಿದಿರಬೇಕು. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲವೂ ಬ್ಯಾಂಕಿನ ಹಾಗೇ ಕಾಣುತ್ತವೆ. ಶೇಕಡಾ ಒಂದೋ ಎರಡೋ ಹೆಚ್ಚು ಬಡ್ಡಿಯೂ ಇರುತ್ತದೆ. ಆದರೆ ಸಾಲ ವಸೂಲಾಗದೆ ಸಂಘ ಕುಸಿದರೆ ವಿಮೆಯ ಒಂದು ರೂಪಾಯಿಯೂ ಬಾರದು. ವಿಮೆ ಇದ್ದ ಕಡೆಯೂ ಕಾಯುವುದು ತಪ್ಪುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು 35,000ಕ್ಕಿಂತ ಹೆಚ್ಚು ತೆಗೆಯದಂತೆ ಆರ್‌ಬಿಐ ತಡೆ ಹಾಕಿತು. ಇಡೀ ಜೀವಮಾನದ ಗಂಟನ್ನು ಒಂದೇ ಕಡೆ ಇಟ್ಟವರು ಪಟ್ಟ ಪಾಡು ಸಣ್ಣದಲ್ಲ. ಸೊಸೈಟಿಯಲ್ಲಿ ಇಡಲೇಬೇಕಾದರೆ ಹೋದರೂ ಸಂಸಾರ ಅಲ್ಲಾಡದಷ್ಟು ಮಾತ್ರ ಇಡಿ.

ಅವಧಿಗೆ ಮುಂಚೆ ಮುರಿದರೆ ಏನಾಗುತ್ತದೆ ನೋಡಿ. 3 ಲಕ್ಷವನ್ನು ಮೂರು ವರ್ಷಕ್ಕೆ ಶೇ 7.25ಕ್ಕೆ ಇಟ್ಟು ಒಂದು ವರ್ಷಕ್ಕೆ ಮುರಿದಿರಿ ಎಂದುಕೊಳ್ಳಿ. ಬ್ಯಾಂಕು ಕೊಡುವುದು 7.25 ಅಲ್ಲ. ನೀವು ಇಟ್ಟ ದಿನ ಒಂದು ವರ್ಷದ ಠೇವಣಿಗೆ ಇದ್ದ ದರ, ಉದಾಹರಣೆಗೆ 6.75, ಅದರಲ್ಲಿ ದಂಡವಾಗಿ ಅರ್ಧದಿಂದ ಒಂದು ಶೇಕಡಾ ಕಡಿತ. ಒಂದು ಶೇಕಡಾ ಕಳೆದರೆ ಉಳಿಯುವುದು 5.75. ಸರಳ ಲೆಕ್ಕದಲ್ಲಿ 21,750 ಬರಬೇಕಾದ ಕಡೆ 17,250. ತುರ್ತಿಗೆ ದುಡ್ಡು ಬೇಕಾದರೆ ಅದೇ ಎಫ್‌ಡಿ ಮೇಲೆ ಸಾಲ ತೆಗೆಯಿರಿ. ಸಾಮಾನ್ಯವಾಗಿ ಠೇವಣಿಯ ಶೇ 90ರವರೆಗೆ ಸಿಗುತ್ತದೆ, ಎಫ್‌ಡಿ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು ಬಡ್ಡಿ. ಎರಡು ಮೂರು ತಿಂಗಳ ಮಟ್ಟಿಗಾದರೆ ಮುರಿಯುವುದಕ್ಕಿಂತ ಇದೇ ಅಗ್ಗ. ಇನ್ನೂ ಒಳ್ಳೆಯದೆಂದರೆ 3 ಲಕ್ಷವನ್ನು ಒಂದೇ ರಸೀದಿ ಮಾಡದೆ ಮೂರು ಮಾಡಿಸಿ, ಒಂದು, ಎರಡು, ಮೂರು ವರ್ಷಕ್ಕೆ ಇಡುವುದು. ಆಗ ದರ ಏರಿದರೂ ಇಳಿದರೂ ಒಂದು ಭಾಗವಷ್ಟೇ ಹೊಸ ದರಕ್ಕೆ ಸಿಕ್ಕುತ್ತದೆ.

ತೆರಿಗೆಯ ವಿಷಯದಲ್ಲಿ ಬಹಳ ಜನ ಹಳೆಯ ಲೆಕ್ಕದಲ್ಲೇ ಇದ್ದಾರೆ. ಎಫ್‌ಡಿ ಬಡ್ಡಿ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಒಳಪಡುತ್ತದೆ. ಶೇ 30ರ ಸ್ಲ್ಯಾಬಿನವರಿಗೆ ಶೇ 6.5ರ ಎಫ್‌ಡಿ, ಸೆಸ್ ಸೇರಿ ತೆರಿಗೆ ಕಳೆದರೆ, ಸುಮಾರು 4.5. ಆದರೆ 2025–26ರಿಂದ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದವರೆಗೆ ಇದ್ದರೆ ತೆರಿಗೆ ಬೀಳುವುದಿಲ್ಲ. ಆ ಮಿತಿಯೊಳಗಿನವರಿಗೆ ಎಫ್‌ಡಿ ಬಡ್ಡಿ ಪೂರ್ತಿ ಕೈಗೆ ಬರುತ್ತದೆ. ಷೇರಿನ ಲಾಭಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಹಾಗಾಗಿ “ಎಫ್‌ಡಿಗೆ ತೆರಿಗೆ ಹೆಚ್ಚು, ಷೇರಿಗೆ ಕಡಿಮೆ” ಎಂಬ ಮಾತು ಎಲ್ಲರಿಗೂ ನಿಜವಲ್ಲ.

ಅಂಚೆ ಕಚೇರಿಯಲ್ಲಿ ಸರ್ಕಾರದ ಖಾತ್ರಿ ಇರುವುದರಿಂದ 5 ಲಕ್ಷದ ಮಿತಿಯ ಚಿಂತೆ ಇಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ದರ 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿತು. ಮಿತಿ 30 ಲಕ್ಷ, ಅವಧಿ ಐದು ವರ್ಷ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ಖಾತೆ ತೆರೆದ ದಿನದ ದರವೇ ನಿಮಗೆ ಐದು ವರ್ಷವೂ ನಡೆಯುತ್ತದೆ. 20 ಲಕ್ಷಕ್ಕೆ ಈ ದರದಲ್ಲಿ ಮೂರು ತಿಂಗಳಿಗೆ 41,000 ರೂಪಾಯಿ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ದರ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿಯಿತು. ವರ್ಷಕ್ಕೆ 1.5 ಲಕ್ಷದ ಮಿತಿ, ಬಡ್ಡಿಗೆ ತೆರಿಗೆ ಇಲ್ಲ, ಹದಿನೈದು ವರ್ಷದ ಬೀಗ.

ಇಂಡೆಕ್ಸ್ ಫಂಡ್

ಇಂಡೆಕ್ಸ್ ಫಂಡ್ ಎಂದರೆ ಒಂದು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಮ್ಯೂಚುವಲ್ ಫಂಡ್. ಷೇರುಪೇಟೆಗೆ ಮೊದಲ ಸಲ ಕಾಲಿಡುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂಬುದು ಈ ಬರಹದ ಖಚಿತ ನಿಲುವು. ನಿಫ್ಟಿ 50 ಫಂಡಿಗೆ ತಿಂಗಳಿಗೆ 500 ಹಾಕಿದರೂ ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಪಾಲು ಸಿಗುತ್ತದೆ. ಅದರ ಮೂರನೇ ಒಂದು ಭಾಗದಷ್ಟು ಬ್ಯಾಂಕು, ಹಣಕಾಸು ಕಂಪನಿಗಳೇ ಎಂಬುದು ಗೊತ್ತಿರಲಿ. ರೆಪೊ ಸುದ್ದಿಗೆ ಸೂಚ್ಯಂಕ ಅಲುಗಾಡುವುದಕ್ಕೆ ಅದೂ ಒಂದು ಕಾರಣ.

ಬೀಳುವುದು ಎಷ್ಟು? 2020ರ ಜನವರಿಯಲ್ಲಿ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42,000 ದಾಟಿತ್ತು. ಮಾರ್ಚ್ 23ರಂದು ಒಂದೇ ದಿನ ಶೇ 13 ಬಿದ್ದು 25,981ಕ್ಕೆ ನಿಂತಿತು. ನವೆಂಬರ್ ಹೊತ್ತಿಗೆ ಕಳೆದದ್ದೆಲ್ಲ ವಾಪಸು. ಇದನ್ನು ಕೇಳಿ ಧೈರ್ಯ ಬರಬಹುದು, ಆದರೆ 2008ರ ಕಥೆ ಬೇರೆ. ಆ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,160ಕ್ಕೆ ಬಂತು. 2010ರ ನವೆಂಬರ್‌ನಲ್ಲಿ ಒಮ್ಮೆ ಹಳೆಯ ಎತ್ತರದ ಹತ್ತಿರ ಹೋಗಿ ಮತ್ತೆ ಜಾರಿತು. ದಾಟಿ ನಿಲ್ಲಲು 2013ರ ಕೊನೆ ಬರಬೇಕಾಯಿತು. ತುದಿಯಲ್ಲಿ ಇಡಗಂಟು ಹಾಕಿದವರು ಸುಮಾರು ಆರು ವರ್ಷ ಕಾದರು. “ಐದು ವರ್ಷಕ್ಕೆ ಷೇರು ಸಾಕು” ಎಂಬ ಮಾತನ್ನು ಇದಕ್ಕೇ ನಂಬಬೇಡಿ. ಏಳು ವರ್ಷಕ್ಕಿಂತ ಬೇಗ ಬೇಕಾಗುವ ದುಡ್ಡು ಇಲ್ಲಿ ಬೇಡ.

ಫಂಡಿನಲ್ಲಿ ಡೈರೆಕ್ಟ್, ರೆಗ್ಯುಲರ್ ಎಂದು ಎರಡಿವೆ. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ವರ್ಷವರ್ಷವೂ ನಿಮ್ಮ ದುಡ್ಡಿನಿಂದಲೇ ಹೋಗುತ್ತದೆ. ತಿಂಗಳಿಗೆ 5,000ದಂತೆ 20 ವರ್ಷ ಕಟ್ಟಿದ್ದು ವರ್ಷಕ್ಕೆ ಶೇ 11ರಂತೆ ಬೆಳೆದರೆ ಸುಮಾರು 43 ಲಕ್ಷ, ಶೇ 10ರಂತೆ ಬೆಳೆದರೆ 38 ಲಕ್ಷ. ಬೆಳವಣಿಗೆ ಹೀಗೇ ಇರುತ್ತದೆಂಬ ಭರವಸೆ ಯಾರೂ ಕೊಡಲಾರರು, ಆದರೆ ಒಂದು ಶೇಕಡಾ ಖರ್ಚಿನ ಬೆಲೆ 5 ಲಕ್ಷ ಎಂಬುದು ಇಲ್ಲಿ ಕಾಣುತ್ತದೆ. ಹಾಗೆಂದು ಏಜೆಂಟರೆಲ್ಲ ದಂಡವೆಂದಲ್ಲ. ಮಾರುಕಟ್ಟೆ ಬಿದ್ದಾಗ ಗಾಬರಿಯಾಗಿ ಮಾರಿಬಿಡುವ ಸ್ವಭಾವದವರಿಗೆ ತಡೆದು ನಿಲ್ಲಿಸುವ ಒಬ್ಬರು ಇದ್ದರೆ ಆ ಕಮಿಷನ್ ಅಲ್ಲಿಗೇ ಸಂದಿತು.

ಶುರು ಮಾಡುವಾಗ ನಮ್ಮ ಕಡೆಯವರು ಎಡವುವುದು ಕೆವೈಸಿಯಲ್ಲಿ (ಗುರುತು ಪರಿಶೀಲನೆಯಲ್ಲಿ), ಅದರಲ್ಲೂ ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ “ಶಿವಣ್ಣ ಕೆ ಸಿ”, ಪಾನ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದ ಉದ್ದನೆಯ ಹೆಸರು, ಬ್ಯಾಂಕಿನಲ್ಲಿ ಮೂರನೆಯದು. ಹೆಸರು ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಆಧಾರ್ ಮತ್ತು ಪಾನ್ ಹೆಸರು ಒಂದು ಮಾಡಿಸಿ, ಎರಡನ್ನೂ ಜೋಡಿಸಿ, ಆಮೇಲೆ ಬ್ಯಾಂಕಿನದು ಸರಿಪಡಿಸಿ. ಎಸ್‌ಐಪಿ ತಾರೀಖನ್ನು ಸಂಬಳವಾದ ನಾಲ್ಕೈದು ದಿನಕ್ಕೆ ಇಡಿ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ತಪ್ಪಿದರೆ ಬ್ಯಾಂಕು ದಂಡ ಹಾಕುತ್ತದೆ, ಸತತ ಮೂರು ತಪ್ಪಿದರೆ ಎಸ್‌ಐಪಿಯೇ ರದ್ದಾಗಬಹುದು. ನಾಮಿನಿ ಹೆಸರು ಅದೇ ದಿನ ಬರೆಸಿ.

ತೆರಿಗೆ: ಒಂದು ವರ್ಷ ದಾಟಿ ಮಾರಿದರೆ ಆ ವರ್ಷದ ಲಾಭದಲ್ಲಿ 1.25 ಲಕ್ಷದವರೆಗೆ ಏನೂ ಇಲ್ಲ, ಮೇಲಿನದಕ್ಕೆ ಶೇ 12.5. ವರ್ಷದೊಳಗೆ ಮಾರಿದರೆ ಶೇ 20. ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ಬೇರೆಯಾಗಿ ವರ್ಷ ಎಣಿಸಬೇಕು.

ನೇರ ಷೇರು

ಷೇರು ಇಡುವ ಡಿಮ್ಯಾಟ್ ಖಾತೆ ಫೋನಿನಲ್ಲೇ ತೆರೆಯಬಹುದು. ಇವತ್ತು ಮಾರಿದರೆ ಮರು ಕೆಲಸದ ದಿನ ದುಡ್ಡು. ಆದರೆ ಒಂದು ಕಂಪನಿಯ ವಾರ್ಷಿಕ ವರದಿ ಓದಿ, ಅದರ ಸಾಲವೆಷ್ಟು, ಲಾಭದಷ್ಟು ನಗದು ನಿಜಕ್ಕೂ ಬರುತ್ತಿದೆಯೇ, ಪ್ರವರ್ತಕರು ಷೇರು ಅಡವಿಟ್ಟಿದ್ದಾರೆಯೇ ಎಂದು ನೋಡಲು ಸಮಯವಿಲ್ಲದವರಿಗೆ ಇದು ಸಲ್ಲದು. ಸೂಚ್ಯಂಕ ಬಿದ್ದರೆ ಇವತ್ತಲ್ಲ ನಾಳೆ ಎದ್ದ ಚರಿತ್ರೆ ಇದೆ. ಒಂಟಿ ಕಂಪನಿ ಬಿದ್ದರೆ ಏಳಬೇಕೆಂದೇನೂ ಇಲ್ಲ. ಆಸಕ್ತಿ ಇದ್ದರೆ ಒಟ್ಟು ಹೂಡಿಕೆಯ ಹತ್ತನೇ ಒಂದು ಭಾಗ ಮೀರದಂತೆ, ಏಳೆಂಟು ಕಂಪನಿಗಳಲ್ಲಿ ಹರಡಿ ಇಡಿ. ಸಣ್ಣ ಮೊತ್ತದಲ್ಲಿ ಪದೇಪದೇ ಕೊಂಡು ಮಾರಿದರೆ ಖರ್ಚೇ ಲಾಭ ತಿನ್ನುತ್ತದೆ. ಕೊಳ್ಳುವಾಗಲೂ ಮಾರುವಾಗಲೂ ಶೇ 0.1 ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಮಾರುವಾಗ ಪ್ರತಿ ಕಂಪನಿಗೂ ಡಿಮ್ಯಾಟ್ ಶುಲ್ಕ ಬೇರೆ.

ಫ್ಯೂಚರ್ಸ್, ಆಪ್ಷನ್ಸ್ (ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲಿನ ಒಪ್ಪಂದಗಳು) ಈ ಹೋಲಿಕೆಯಲ್ಲಿ ಒಂದು ಆಯ್ಕೆಯೇ ಅಲ್ಲ. 2021–22ರಿಂದ 2023–24ರವರೆಗಿನ ಮೂರು ವರ್ಷದ ಲೆಕ್ಕ ನೋಡಿ ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದ್ದು: ಇದರಲ್ಲಿ ಆಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತ್ತು. ಮನೆಯ ಹುಡುಗರು ಹಾಸ್ಟೆಲಿನಲ್ಲಿ ಕೂತು ಸಾಲ ತಂದು ಇದನ್ನು ಆಡುತ್ತಿದ್ದರೆ ಹೇಗಾದರೂ ಮಾಡಿ ಬಿಡಿಸಿ.

ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಿಸಿ “ಐಪಿಒ ಖಾತ್ರಿಯಾಗಿ ಕೊಡಿಸುತ್ತೇವೆ” ಎನ್ನುವವರು ನಕಲಿ ಆ್ಯಪಿನಲ್ಲಿ ಲಾಭದ ಅಂಕಿ ತೋರಿಸಿ, ವಾಪಸು ಕೇಳಿದಾಗ “ಮೊದಲು ತೆರಿಗೆ ಕಟ್ಟಿ” ಎನ್ನುತ್ತಾರೆ. ಆ ಮಾತು ಬಂತೆಂದರೆ ಮೋಸ ಖಚಿತ. ಬ್ರೋಕರ್ ಹೆಸರನ್ನು ಸೆಬಿ ತಾಣದ ನೋಂದಾಯಿತರ ಪಟ್ಟಿಯಲ್ಲಿ ಹುಡುಕಿ. ಒಬ್ಬ ವ್ಯಕ್ತಿಯ ಹೆಸರಿನ ಖಾತೆಗೆ ದುಡ್ಡು ಹಾಕಲೇಬೇಡಿ. ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ.

ಚಿನ್ನ, ಚೀಟಿ, ಸೈಟು

ಚಿನ್ನದ ಗುಣ ಒಂದೇ ಮಾತಿನಲ್ಲಿ: ಗಂಟೆಯೊಳಗೆ ಗಿರವಿ ಇಟ್ಟು ದುಡ್ಡು ತರಬಹುದು. ಆದರೆ ಒಡವೆಯನ್ನು ಹೂಡಿಕೆ ಎಂದು ಕೊಳ್ಳುವವರು ಬಿಲ್ ಬಿಡಿಸಿ ನೋಡಲಿ. ಚಿನ್ನದ ಬೆಲೆ 1,00,000 ಎಂದಿಟ್ಟುಕೊಂಡರೆ ಮಜೂರಿ ಶೇ 12 ಸೇರಿ 1,12,000. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ 3,360. ಕೊಟ್ಟದ್ದು 1,15,360. ಮರುದಿನ ಮಾರಿದರೆ ಒಂದು ಲಕ್ಷವೂ ಪೂರ್ತಿ ಬಾರದು. ಬೆಲೆ ಶೇ 15 ಏರಿದ ಮೇಲಷ್ಟೇ ಅಸಲು. ತೊಡಲು ಬೇಕಾದ್ದಕ್ಕೆ ಒಡವೆ ಕೊಳ್ಳಿ, ಹೂಡಿಕೆಗಾದರೆ ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಚಿನ್ನದ ಫಂಡ್) ಸಾಕು. ಚಿನ್ನದ ಬೆಲೆಗೆ ಜೋಡಿಸಿದ ಸರ್ಕಾರದ ಸಾವರಿನ್ ಬಾಂಡ್ 2024ರ ಫೆಬ್ರುವರಿಯ ಕಂತಿನ ನಂತರ ಹೊಸದಾಗಿ ಬಂದಿಲ್ಲ. ಚಿನ್ನ ಸದಾ ಏರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಡಾಲರ್ ಲೆಕ್ಕದಲ್ಲಿ 2011ರ ಎತ್ತರವನ್ನು ಮತ್ತೆ ದಾಟಲು 2020 ಬರಬೇಕಾಯಿತು. ಸುಂಕದ ಪೆಟ್ಟೂ ಇದೆ. 2024ರ ಜುಲೈ 23ರ ಬಜೆಟ್‌ನಲ್ಲಿ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಅದೇ ದಿನ ಬೆಲೆ ಕುಸಿಯಿತು. ಒಟ್ಟು ಉಳಿತಾಯದ ಹತ್ತರಲ್ಲಿ ಒಂದು ಪಾಲು ಮೀರದಿರಲಿ.

ಚೀಟಿಯ ಲೆಕ್ಕ ಹೀಗೆ. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಒಬ್ಬರು 20,000 ಬಿಟ್ಟು ಕೂಗಿದರೆ ಅವರ ಕೈಗೆ 80,000. ನಡೆಸುವವರ ಕಮಿಷನ್ 5,000 ಕಳೆದು ಉಳಿದ 15,000 ಎಲ್ಲರಿಗೂ ಹಂಚಿಕೆ, ತಲೆಗೆ 750. ಆ ತಿಂಗಳು ಕಟ್ಟುವುದು 4,250. ಸರಾಸರಿ 4,400ರಂತೆ ಕಟ್ಟಿ ಕೊನೆಯಲ್ಲಿ 95,000 ಎತ್ತಿದವರಿಗೆ ವರ್ಷಕ್ಕೆ ಸುಮಾರು ಶೇ 9 ಬಿದ್ದಂತಾಯಿತು. ಕೆಟ್ಟದ್ದಲ್ಲ. ಆದರೆ ಮುಂಚೆ ಎತ್ತಿದವರು ಕೊನೆಯವರೆಗೆ ಕಟ್ಟಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಎಂಎಸ್‌ಐಎಲ್‌ನಂಥ ಸರ್ಕಾರಿ ಸಂಸ್ಥೆಯ ಚೀಟಿಗೂ ಪರಿಚಯದವರು ಮನೆಯಲ್ಲಿ ನಡೆಸುವ ಚೀಟಿಗೂ ಇರುವ ಅಂತರ ಇದೇ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಸಂಖ್ಯೆ ಕೇಳಿ, ಇಲ್ಲದಿದ್ದರೆ ಸೇರಬೇಡಿ.

ಸೈಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ, ಮಂಡ್ಯ ಸುತ್ತ ಬಡಾವಣೆಗಳ ಬೋರ್ಡು ಎಲ್ಲೆಲ್ಲೂ ಕಾಣುತ್ತವೆ. ಮುದ್ರಾಂಕ, ನೋಂದಣಿಗೇ ಬೆಲೆಯ ಶೇ 7ರ ಮೇಲೆ ಹೋಗುತ್ತದೆ, ಮಾರಲು ತಿಂಗಳುಗಟ್ಟಲೆ ಬೇಕು. ಭೂಪರಿವರ್ತನೆ, ಪ್ರಾಧಿಕಾರದ ಅನುಮೋದನೆ, ಇ–ಖಾತಾ ಮೂರರಲ್ಲಿ ಒಂದು ಇಲ್ಲದಿದ್ದರೂ ಅಗ್ಗವೆಂದು ಕೊಳ್ಳಬೇಡಿ.

ಸುದ್ದಿಯನ್ನು ಏನು ಮಾಡುವುದು?

2024ರ ಜೂನ್ 4, ಲೋಕಸಭಾ ಫಲಿತಾಂಶದ ದಿನ, ಸೆನ್ಸೆಕ್ಸ್ 4,389 ಅಂಶ ಬಿತ್ತು. ಟಿವಿ ನೋಡಿ ಮಾರಿದವರು ಸಾಕಷ್ಟು. ಮೂರೇ ದಿನದಲ್ಲಿ, ಜೂನ್ 7ರಂದು, ಸೂಚ್ಯಂಕ ಬೀಳುವ ಮುಂಚಿನ ಮಟ್ಟ ದಾಟಿತು. ವಿದೇಶಿ ಹೂಡಿಕೆದಾರರು ಮಾರಿದರು, ಕಚ್ಚಾತೈಲ ಏರಿತು, ಅಮೆರಿಕದ ಫೆಡ್ ಬಡ್ಡಿ ಬದಲಿಸಿತು ಎಂಬ ಸುದ್ದಿಗಳಿಗೆ ನಿಮ್ಮ ಎಸ್‌ಐಪಿಯಲ್ಲಿ ಮಾಡುವಂಥದ್ದೇನೂ ಇಲ್ಲ. ರೆಪೊ ಸುದ್ದಿಗೆ ಮಾತ್ರ ಒಂದು ಕೆಲಸ ಇದೆ: ಗೃಹಸಾಲ ಇದ್ದರೆ ದರ ಇಳಿದಿದೆಯೇ ನೋಡಿ. 2019ರ ಅಕ್ಟೋಬರ್ ನಂತರ ಬ್ಯಾಂಕಿನಲ್ಲಿ ತೆಗೆದ ಬದಲಾಗುವ ಬಡ್ಡಿಯ ಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ, ಮೂರು ತಿಂಗಳೊಳಗೆ ಇಳಿಕೆ ಕಾಣಬೇಕು. ಅದಕ್ಕಿಂತ ಹಳೆಯ ಸಾಲವಾದರೆ ಹೊಸ ಪದ್ಧತಿಗೆ ಬದಲಿಸಿ ಎಂದು ಅರ್ಜಿ ಕೊಡಿ.

ಯಾರಿಗೆ ಯಾವುದು

ನಿವೃತ್ತರು, ತಿಂಗಳ ಖರ್ಚಿಗೆ ಬಡ್ಡಿಯೇ ಆಧಾರ: ಮೊದಲು ಹಿರಿಯರ ಉಳಿತಾಯ ಯೋಜನೆ, ಉಳಿದದ್ದು ಎರಡು ಬ್ಯಾಂಕುಗಳಲ್ಲಿ ತಲಾ 5 ಲಕ್ಷ ಮೀರದಂತೆ ಎಫ್‌ಡಿ. ಪಿಂಚಣಿಯಲ್ಲೇ ಮನೆ ನಡೆಯುತ್ತದೆ, ಈ ದುಡ್ಡು ಮಕ್ಕಳಿಗೆ ಎನ್ನುವವರು ಕಾಲು ಭಾಗವನ್ನು ಇಂಡೆಕ್ಸ್ ಫಂಡಿನಲ್ಲಿ ಇಡಬಹುದು.

25,000 ಸಂಬಳದ ಯುವಕರು: ಮೊದಲು ಆರು ತಿಂಗಳ ಖರ್ಚಿನಷ್ಟು ಆರ್‌ಡಿ ಅಥವಾ ಎಫ್‌ಡಿಯಲ್ಲಿ ಕೂಡಿಡಿ, ಆರೋಗ್ಯ ವಿಮೆ ಮಾಡಿಸಿ. ಆಮೇಲೆ 2,000ದ ಎಸ್‌ಐಪಿ, ಸಂಬಳ ಏರಿದಾಗ ಅದನ್ನೂ ಏರಿಸಿ. ನೋಂದಾಯಿತ ಚೀಟಿ ಈಗಾಗಲೇ ನಡೆಯುತ್ತಿದ್ದರೆ ಮಧ್ಯದಲ್ಲಿ ಬಿಡದೆ ಕೊನೆಗೆ ಎತ್ತಿಕೊಳ್ಳಿ.

ಎರಡು ವರ್ಷದಲ್ಲಿ ಮದುವೆ, ಮನೆ: ಎಫ್‌ಡಿ, ಬೇಕಾದ ಒಡವೆ. ಬೇರೇನೂ ಬೇಡ.

ಕಬ್ಬಿನ ದುಡ್ಡು ಬಂದವರದ್ದು ತುಸು ಭಿನ್ನ ಲೆಕ್ಕ. ವರ್ಷಕ್ಕೊಮ್ಮೆ ಇಡಗಂಟಾಗಿ ಬರುವ ದುಡ್ಡಿಗೆ ತಿಂಗಳ ಎಸ್‌ಐಪಿ ಹೊಂದುವುದಿಲ್ಲ. ಹದಿನಾಲ್ಕು ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕೆಂದು ನಿಯಮವಿದ್ದರೂ ಬಾಕಿ ಎಳೆಯುವುದು ಹೊಸದಲ್ಲ. ಹಾಗಾಗಿ ಮುಂದಿನ ಬೆಳೆಯವರೆಗಿನ ಮನೆಖರ್ಚು, ಗೊಬ್ಬರ, ಕೂಳೆಯ ಕೂಲಿ ಎಲ್ಲವನ್ನೂ ಮೊದಲು ಉಳಿತಾಯ ಖಾತೆ, ಸಣ್ಣ ಎಫ್‌ಡಿಗಳಲ್ಲಿ ಇಡಿ. ಉಳಿದದ್ದನ್ನು ಲಿಕ್ವಿಡ್ ಫಂಡಿಗೆ (ಅಲ್ಪಾವಧಿ ಸಾಲಪತ್ರಗಳ ಫಂಡ್) ಹಾಕಿ, ಅಲ್ಲಿಂದ ಎಸ್‌ಟಿಪಿ (ಒಂದು ಫಂಡಿನಿಂದ ಇನ್ನೊಂದಕ್ಕೆ ಕಂತಿನಲ್ಲಿ ವರ್ಗಾವಣೆ) ಮೂಲಕ ತಿಂಗಳಿಗೆ ಹನ್ನೆರಡನೇ ಒಂದು ಭಾಗ ಇಂಡೆಕ್ಸ್ ಫಂಡಿಗೆ ಹೋಗುವಂತೆ ಮಾಡಿ. ಎರಡೂ ಫಂಡು ಒಂದೇ ಕಂಪನಿಯವೇ ಆಗಿರಬೇಕು, ಇಲ್ಲದಿದ್ದರೆ ಎಸ್‌ಟಿಪಿ ಆಗುವುದಿಲ್ಲ. ನಡುವೆ ಆಸ್ಪತ್ರೆ ಖರ್ಚು ಬಂದರೆ ಲಿಕ್ವಿಡ್ ಫಂಡಿನಲ್ಲಿ ಉಳಿದದ್ದು ಮರು ಕೆಲಸದ ದಿನ ಖಾತೆಗೆ ಬರುತ್ತದೆ.

ಇದಕ್ಕೂ ಮುಂಚೆ ಸಾಲದ ಪಟ್ಟಿ ತೆಗೆಯಿರಿ. ಸಹಕಾರ ಸಂಘದ 5 ಲಕ್ಷದವರೆಗಿನ ಬಡ್ಡಿರಹಿತ ಬೆಳೆಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ, ಒಂದು ದಿನ ತಪ್ಪಿದರೂ ಆ ಸವಲತ್ತು ಕೈಬಿಟ್ಟು ಹೋಗಬಹುದು. ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ಇದ್ದರೆ ವರ್ಷಕ್ಕೆ ಶೇ 36. ಅದನ್ನು ಕಟ್ಟುವ ಮುಂಚೆ ಚಿನ್ನ, ಫಂಡು, ಷೇರು ಯಾವುದಕ್ಕೂ ಒಂದು ರೂಪಾಯಿ ಹಾಕಬೇಡಿ.